ಅತ್ತೆಯ ಬಳೆ ಅಳತೆಯ ಚಾಕು

ಮನೆಗೆ ಬರುವ ಸಾಮಾನುಗಳಲ್ಲಿ ಹೆಚ್ಚಿನವು ಬಂದ ದಿನವೇ ಮನೆಯವಾಗಿಬಿಡುತ್ತವೆ. ಪೊರಕೆ ತಾನಾಗಿ ಬಾಗಿಲ ಹಿಂದೆ ಹೋಗಿ ನಿಲ್ಲುತ್ತದೆ. ಹೊಸ ಲೋಟ ಹಳೆಯ ಲೋಟಗಳ ನಡುವೆ ಕೂತು, ನಾಲ್ಕೇ ದಿನದಲ್ಲಿ ಒಂದು ನೆಗ್ಗು ಮಾಡಿಕೊಂಡು ಸಂಸಾರಕ್ಕೆ ಒಗ್ಗುತ್ತದೆ. ಚಾಕು ಮಾತ್ರ ಹಾಗಲ್ಲ. ಅದು ಬಂದ ದಿನ ಮನೆಯವರೆಲ್ಲ ಒಳಗೊಳಗೇ ಒಮ್ಮೆ ತಮ್ಮ ಬೆರಳು ಎಣಿಸಿಕೊಳ್ಳುತ್ತಾರೆ. ನಾನು ಮದುವೆಯ ಸೀರೆಯನ್ನು ಹತ್ತು ನಿಮಿಷದಲ್ಲಿ ಆರಿಸಿದವಳು. ಗಂಡನನ್ನು ಆರಿಸಲು ಅಷ್ಟು ಹೊತ್ತೂ ಸಿಕ್ಕಿರಲಿಲ್ಲ. ಅಂಥವಳು ಹೋದ ತಿಂಗಳು ಒಂದೇ ಒಂದು ಚಾಕು ಆರಿಸಲು ಮೂರು ವಾರ ಒದ್ದಾಡಿದೆ. ನಗುವುದಾದರೆ ನಗಿ. ಆದರೆ ಅದಕ್ಕೆ ಮೊದಲು ನಮ್ಮತ್ತೆಯ ವಿಷಯ ಕೇಳಿ.

ಅತ್ತೆಗೆ ಈಗ ಎಂಬತ್ತೊಂದು. ಕೊಣನೂರಿನ ಕಡೆಯಿಂದ ಹದಿನಾರನೇ ವಯಸ್ಸಿಗೆ ಹೊಳೆನರಸೀಪುರದ ಈ ಮನೆಗೆ ಬಂದವರು. ಅಂದಿನಿಂದ ಇಲ್ಲಿ ತರಕಾರಿ ಹೆಚ್ಚುವ ಅಧಿಕಾರ ಅವರದು. ನಾನು ಸೊಸೆಯಾಗಿ ಬಂದಾಗ ಒಲೆ ಬಿಟ್ಟುಕೊಟ್ಟರು, ಬೀರುವಿನ ಬೀಗದ ಕೈ ಬಿಟ್ಟುಕೊಟ್ಟರು, ಈಳಿಗೆಮಣೆ ಮಾತ್ರ ಬಿಟ್ಟುಕೊಡಲಿಲ್ಲ. ಒಂದು ಕಾಲು ಮಡಿಸಿ ಮಣೆಯನ್ನು ಒತ್ತಿ ಕೂತರೆಂದರೆ ಹುರುಳಿಕಾಯಿ ಸೂಜಿಯಷ್ಟು ಸಣ್ಣಗೆ ಉದುರುತ್ತಿತ್ತು. ಕಣ್ಣು ನನ್ನ ಮೇಲೆ, ಮಾತು ಪಕ್ಕದ ಮನೆಯ ಮೇಲೆ, ಕೈ ಕೆಲಸದ ಮೇಲೆ. ಈ ಯುಗಾದಿಯ ಹೊತ್ತಿಗೆ ಮಂಡಿ ಊದಿತು. ಡಾಕ್ಟರು, "ಅಜ್ಜಿ, ಇನ್ನು ನೆಲದ ಮೇಲೆ ಕೂರಲೇಬಾರದು" ಅಂದುಬಿಟ್ಟರು. ಅತ್ತೆ ಮನೆಗೆ ಬಂದು ಈಳಿಗೆಮಣೆಯನ್ನು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಗೋಡೆಗೆ ಮುಖ ಮಾಡಿ ಇಟ್ಟರು. ಆಮೇಲೆ ಹಜಾರದ ಕುರ್ಚಿಯಲ್ಲಿ ಕೂತವರು ಅಡುಗೆಮನೆ ಕಡೆಗೆ ತಿರುಗಲಿಲ್ಲ. ಎರಡು ಮುದ್ದೆ ಒಂದಾಯಿತು, ಒಂದು ಅರ್ಧಕ್ಕೆ ಬಂತು. ಊಟಕ್ಕೆ ಕರೆದರೆ, "ಕುಯ್ಯಾಕಿಲ್ಲ, ಬೇಯ್ಸಾಕಿಲ್ಲ, ತಿನ್ನಾಕ್ ಮಾತ್ರ ಕರೀತೀಯಲ್ಲವ್ವ" ಅನ್ನುತ್ತಿದ್ದರು. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಒಂದು ಮಾತು ತಿರುಗಿಸುತ್ತಿದ್ದೆ. ಮೆತ್ತಗೆ ಅನ್ನುತ್ತಿದ್ದರು. ಅದೇ ಭಯವಾಗಿದ್ದು.

ಮೊದಲ ಉಪಾಯ ನಮ್ಮ ಯಜಮಾನರದು. "ನೆಲ ಬೇಡ ಅಂದ್ರೆ ಟೇಬಲ್ ಇದೆಯಲ್ಲ" ಎಂದು ಈಳಿಗೆಮಣೆಯನ್ನೇ ಊಟದ ಟೇಬಲ್ಲಿನ ಮೇಲೆ ಇಟ್ಟರು. ಒತ್ತಲು ಕಾಲಿಲ್ಲದ ಈಳಿಗೆಮಣೆ ಕುಂಬಳಕಾಯಿ ತಾಗುತ್ತಲೇ ಮಗುಚಿ, ಅವರ ಹೆಬ್ಬೆರಳಿಗೂ ಅಂಚಿಗೂ ಕೂದಲೆಳೆಯ ಅಂತರದಲ್ಲಿ ನೆಲಕ್ಕೆ ಬಿತ್ತು. ಮನೆಯಲ್ಲಿದ್ದ ಹಳೇ ಚಾಕು ಸಿಪ್ಪೆಗೇ ಹೆದರುವಂಥದ್ದು. ಹೀಗೆ ಒಂದು ಒಳ್ಳೆಯ ಚಾಕು ಬೇಕೆಂದು ತೀರ್ಮಾನವಾಗಿ, ಯಜಮಾನರು ಮೊಬೈಲಿನಲ್ಲಿ ಮುಳುಗಿ ಎರಡು ದಿನದ ಮೇಲೆ ಎದ್ದರು. "ಸಂತೋಕು ಅಂತ ಜಪಾನಿನದು ಕಣೇ. ತುದಿ ಚೂಪಿಲ್ಲ, ಅಗಲ ಇದೆ, ಹಗುರ. ಹೆಸರಿಗೇ ಮೂರು ಗುಣ ಅಂತ ಅರ್ಥವಂತೆ." ಹಜಾರದಿಂದ ಅತ್ತೆಯ ದನಿ ಬಂತು: "ಯಾವ ಮೂರ್ಲಾ ಅವು?" ನಮ್ಮ ಯಜಮಾನರು ಸತ್ಯವಂತರು, ಅದೇ ಅವರ ದೋಷ. "ಒಂದು ಮೀನು, ಇನ್ನೊಂದು..." ಎಂದು ಹೇಳಲು ಹೊರಟಾಗ ನಾನು ಅವರ ಕಾಲು ತುಳಿದು, "ಸಣ್ಣಗೆ, ತೆಳ್ಳಗೆ, ಬೇಗ ಅಂತೆ ಅತ್ತೆ!" ಎಂದು ಕೂಗಿದೆ. ಮೀನು, ಮಾಂಸ, ತರಕಾರಿ ಮೂರನ್ನೂ ಹೆಚ್ಚುವುದೇ ಆ ಮೂರು ಗುಣ. ಮೊಟ್ಟೆ ಹಾಕಿದ ಕೇಕು ತಿಂದು ಬಂದ ಮಗನನ್ನು ಎರಡು ಸಲ ಸ್ನಾನಕ್ಕೆ ಕಳಿಸಿದ ಮನೆ ನಮ್ಮದು. ಆ ಮಗ ಈಗ ನನ್ನ ಗಂಡ.

ಕಾಣದ ಚಾಕನ್ನು ಮೊಬೈಲಿನಲ್ಲಿ ತರಿಸಲು ನನಗೆ ಧೈರ್ಯ ಬರಲಿಲ್ಲ. ಅತ್ತೆಯ ಕೈ ಗುಬ್ಬಿಯಷ್ಟು ಸಣ್ಣದು. ಹಿಡಿ ದಪ್ಪವಾದರೆ ಜಾರುತ್ತದೆ, ಜಾರಿದರೆ ಮುಗಿಯಿತು. ಅವರು ಸ್ನಾನಕ್ಕೆ ಹೋದಾಗ ಕೈಯ ಅಳತೆಗೆಂದು ಪೆಟ್ಟಿಗೆಯಿಂದ ಅವರದೊಂದು ಹಳೇ ಬೆಳ್ಳಿ ಬಳೆ ತೆಗೆದುಕೊಂಡೆ, ಬುಟ್ಟಿಯಿಂದ ಎರಡು ಆಲೂಗಡ್ಡೆ ತೆಗೆದುಕೊಂಡೆ, ಹಾಸನದ ಬಸ್ಸು ಹತ್ತಿದೆ. ಪಾತ್ರೆ ಅಂಗಡಿಯವನು ಸಂತೋಕು ಬಗೆಯ ಚಾಕುಗಳನ್ನು ಸಾಲಾಗಿ ಹರಡಿದ. ನಾನು ಬಳೆ ತೆಗೆದು ಗಾಜಿನ ಮೇಲಿಟ್ಟೆ. "ಅಕ್ಕಾ, ಬಳೆ ಅಂಗ್ಡಿ ಆಚೆ ಬೀದಿ ಕಣಕ್ಕಾ" ಅಂದ. ವಿಷಯ ಹೇಳಿದೆ. ಅವನು ಗಲ್ಲಾದಲ್ಲಿದ್ದ ಹೆಂಡತಿಯನ್ನು ನೋಡಿದ. ಆಕೆ ನಗುತ್ತ ಎದ್ದು ಬಂದು ಬಳೆ ತೊಟ್ಟುಕೊಂಡರೆ, ಅಳತೆ ಮಾಡಿಸಿದ ಹಾಗೆ ಕೂತಿತು! ಆಮೇಲಿನ ಅರ್ಧ ಗಂಟೆ ಆಕೆ ನಮ್ಮತ್ತೆಯಾದಳು. ಮೊದಲನೆಯದು ಅಗ್ಗ, ಆಲೂಗಡ್ಡೆಯ ಮುಂದೆಯೇ ಬಾಗಿತು. ಅಲೆ ಅಲೆ ಗೆರೆಯ ಇನ್ನೊಂದರ ಬೆಲೆಗೆ ಮಿಕ್ಸಿ ಬರುತ್ತಿತ್ತು. ಮತ್ತೊಂದು ಭಾರ, ನಾಲ್ಕು ಹೋಳಿಗೇ ಆಕೆ ಮಣಿಕಟ್ಟು ಉಜ್ಜಿಕೊಂಡಳು. ಐದನೆಯದು ಹಿಡಿದಾಗ ಹೆಚ್ಚುತ್ತಲೇ ಹೋದಳು. ಆಲೂಗಡ್ಡೆ ಮುಗಿದ ಮೇಲೆ, "ಬೆರಳ ಗೆಣ್ಣು ಹಲಗೆಗೆ ತಾಗಲ್ಲ ಕಣಕ್ಕಾ, ಹಿಡಿನೂ ಸಣ್ಣುಕೈತೆ. ಇದನ್ನ ತಗಳ್ಳಿ" ಅಂದಳು. ಗಂಡ ಪಕ್ಕದಿಂದ ದುಬಾರಿಯದನ್ನು ಮುಂದೆ ತಳ್ಳಿದ. ಆಕೆ ಅದನ್ನು ಹಿಂದಕ್ಕೆ ತಳ್ಳಿದಳು. ಬಳೆ ಮಾತ್ರ ಆಕೆಯ ಕೈಯಿಂದ ಬರಲೊಲ್ಲದು. ಸೋಪಿನ ನೀರು ಹಾಕಿ ಬಿಡಿಸುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ಮುಂದಿನ ಬಸ್ಸಿನಲ್ಲಿ ಕೂತು ಚಾಕುವಿನ ಡಬ್ಬಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಒಂದು ಮೀನು, ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅತ್ತೆಯ ಕಣ್ಣಿಗೆ ಹೋದ ವರ್ಷವಷ್ಟೇ ಪೊರೆ ತೆಗೆಸಿದ್ದೆವು. ಈಗ ಅವರಿಗೆ ಎದುರು ಮನೆಯ ಗಡಿಯಾರ ಕಾಣುತ್ತದೆ. ಬರಿ ಚಾಕು ಕೊಟ್ಟರೆ, ಹೊಸದೋ ಯಾರೋ ಬಳಸಿದ್ದೋ ಅನ್ನುತ್ತಾರೆ, ಡಬ್ಬಿ ಬೇಕೇ ಬೇಕು. ಮನೆ ಸೇರಿ, ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅನ್ನದ ಅಗುಳಿನಲ್ಲಿ ಮೀನಿನ ಮೇಲೆ ಅಂಟಿಸಿದೆ. ಬಳೆಯನ್ನು ಸೋಪಿನ ವಾಸನೆ ಸಮೇತ ಪೆಟ್ಟಿಗೆಗೆ ಸೇರಿಸಿದೆ. ಡಬ್ಬಿಯನ್ನು ತಂದು ಅತ್ತೆಯ ಮುಂದಿನ ಸ್ಟೂಲಿನ ಮೇಲಿಟ್ಟೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ನಮ್ಮಲ್ಲಿ ಕೊಡುವುದಿಲ್ಲ. ಅತ್ತೆ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಗಿರ್ಜಾ, ಈ ತಾರೀಕಿಗೆ ಬಾಲ ಯಾಕವ್ವ ಬಂದೈತೆ?"

ಹಾಳೆ ಅರ್ಧ ಬೆರಳಿನಷ್ಟು ಗಿಡ್ಡವಾಗಿತ್ತು. ಅತ್ತೆ ಉಗುರಿನಿಂದ ಕಾಗದ ಎಬ್ಬಿಸಿ, ಮೀನನ್ನು ಬಹಳ ಹೊತ್ತು ನೋಡಿದರು. ಯಜಮಾನರು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಮಲಗಲು ಹೋದರು. ಮೂರು ವಾರದ ಕೆಲಸ ಒಂದು ಬಾಲದಿಂದ ಕೆಟ್ಟಿತಲ್ಲ ಎಂದುಕೊಳ್ಳುತ್ತ ನಾನು ಅತ್ತೆ ಅರ್ಧ ಮುದ್ದೆ ಉಂಡ ತಟ್ಟೆ ತೊಳೆದೆ.

ಬೆಳಿಗ್ಗೆ ನೋಡಿದರೆ ಅತ್ತೆ ಸ್ನಾನ ಮಾಡಿ ಊಟದ ಟೇಬಲ್ಲಿನ ಮುಂದೆ ಕೂತಿದ್ದಾರೆ. ಚಾಕು ಹೊರಗೆ ಬಂದಿದೆ. "ಇಬೂತಿ ತಗಂಬಾ" ಅಂದರು. ವಿಭೂತಿಯ ಉಂಡೆ ತಂದುಕೊಟ್ಟೆ. ಚಾಕುವಿನ ಅಗಲಕ್ಕೆ ಮೂರು ಬೆರಳಲ್ಲಿ ಮೂರು ಗೆರೆ ಎಳೆದರು. "ಇವತ್ತಿಂದ ಇದು ನಮ್ಮನೇದು. ಮೊದ್ಲು ಯಾವ ಕುಲ್ದೋರ ಜೊತೆ ಇತ್ತೋ ಕೇಳಾದ್ ಬ್ಯಾಡ." ನಾನು ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಕಿದೆ. ಹುರುಳಿಕಾಯಿ ಇಟ್ಟೆ. ಮುಷ್ಟಿಯಲ್ಲಿ ಅರಿಶಿನ ಹಿಡಿದು ಹಿಂದೆ ನಿಂತೆ. ಯಜಮಾನರು ಹತ್ತಿಯ ಸುರುಳಿ ಹಿಡಿದು ಬಾಗಿಲಲ್ಲಿ ನಿಂತರು.

ನಮಗ್ಯಾರಿಗೂ ಹೊಳೆಯದಿದ್ದ ವಿಷಯ ಆಗ ಎದುರು ಬಂತು. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಅದರ ಹತ್ತಿರ ಹೋಗುತ್ತದೆ. ಅರವತ್ತೈದು ವರ್ಷ ಅತ್ತೆಯ ಕೈ ಕಲಿತದ್ದು ಅದನ್ನೇ. ಅವರು ಎಡಗೈಯಲ್ಲಿ ಚಾಕುವಿನ ಹಿಡಿ ಹಿಡಿದು, ಅಂಚು ಮೇಲೆ ಮಾಡಿ ನಿಲ್ಲಿಸಿ, ಬಲಗೈಯ ಹುರುಳಿಕಾಯಿಯನ್ನು ಅದರತ್ತ ನೂಕಿದರು. ಕೂಗಿದರೆ ಬೆಚ್ಚಿ ಕುಯ್ದುಕೊಳ್ಳುತ್ತಾರೆ, ಸುಮ್ಮನಿದ್ದರೂ ಕುಯ್ದುಕೊಳ್ಳುತ್ತಾರೆ. "ಅವ್ವಾ..." ಎಂದು ಯಜಮಾನರು ಪಿಸುಗುಟ್ಟಿದರು. ಅಂಚಿಗೂ ಅತ್ತೆಯ ಕೈಗೂ ಇನ್ನೊಂದು ಬೆರಳಗಲ ಇತ್ತು. ಅತ್ತೆ ಕೈ ನಿಲ್ಲಿಸಿದರು. ಚಾಕನ್ನು ನೋಡಿದರು, ಕಾಯನ್ನು ನೋಡಿದರು.

"ಓ... ಇದು ನಡೀತದೆ, ಅದು ನಿಂತ್ಕತದೆ. ಅಂಗಾ?"

ತಿರುಗಿಸಿ ಹಿಡಿದರು. ಮೊದಲ ಹೋಳು ದಪ್ಪ, ಎರಡನೆಯದು ಓರೆ. ಹತ್ತನೆಯದು ಸೂಜಿ. ಆಮೇಲೆ ಕಣ್ಣು ನನ್ನ ಮೇಲೆ ಬಂತು, ಮಾತು ಪಕ್ಕದ ಮನೆಗೆ ಹೋಯಿತು. ಕಾಯಿ ಮುಗಿದ ಮೇಲೆ ನಾನು ಅರಿಶಿನ ಪಕ್ಕಕ್ಕಿಟ್ಟು, ಚಾಕು ತೊಳೆದಿಡೋಣವೆಂದು ನಲ್ಲಿಯ ಕೆಳಗೆ ಹಿಡಿದು ಉಜ್ಜಿ, ನನ್ನ ಹೆಬ್ಬೆರಳು ಕುಯ್ದುಕೊಂಡೆ. ಅರಿಶಿನ ಹೇಗೂ ಪಕ್ಕದಲ್ಲೇ ಇತ್ತು.

ಅಂದಿನಿಂದ ಅದನ್ನು ನಾನು ಮುಟ್ಟುವ ಹಾಗಿಲ್ಲ. ಬಳಸಿ, ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಮೀನನ್ನು ಕೆಳಮುಖ ಮಾಡಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರೆ. ಊಟ ಮತ್ತೆ ಎರಡು ಮುದ್ದೆಗೆ ಬಂದಿದೆ. ಮೊನ್ನೆ ಸಂಜೆ ಈರುಳ್ಳಿ ಹೆಚ್ಚಲು ಚಾಕು ಕೇಳಿದೆ. "ನಿಂಗ್ಯಾಕವ್ವ ಅದು? ಕೈ ಕುಯ್ಕತೀಯ. ಈಳಿಗೆಮಣೆ ಐತಲ್ಲ" ಅಂದರು. ನಾನು ಐವತ್ತೆರಡರ ಕಾಲು ಮಡಿಸಿ ನೆಲದ ಮೇಲೆ ಕೂತು ನಾಲ್ಕು ಈರುಳ್ಳಿ ಹೆಚ್ಚಿದೆ. ಏಳುವಾಗ ಮಂಡಿ ಕಟ್ ಎಂದ ಸದ್ದು ಹಜಾರದವರೆಗೂ ಕೇಳಿಸಿರಬೇಕು.

"ಗಿರ್ಜಾ," ಅಲ್ಲಿಂದ ಅತ್ತೆ ಅಂದರು, "ಅಳ್ತೆಗೆ ನಿನ್ ಬಳೆನೂ ಒಂದ್ ತೆಗ್ದಿಕ್ಕಿರು."