ಬೆರಳೆತ್ತಿದರೆ ಗಟ್ಟಿಮೇಳ

ನಾಗಸ್ವರದವನಿಗೆ ಬಾಯಿ ಇರುವುದು ಊದುವುದಕ್ಕೆ, ಮಾತಾಡುವುದಕ್ಕಲ್ಲ ಎಂದು ನಮ್ಮ ಕಡೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹಾಗಾಗಿ ಊರಲ್ಲಿ ಮದುವೆಗಳು ನಡೆಯುತ್ತಿರುವವರೆಗೂ ನಮಗೆ ಈಗ ಹೇಳುವಂಥವು ಆಗುತ್ತಲೇ ಇರುತ್ತವೆ. ನಾನು ಶಿಡ್ಲಘಟ್ಟದವನು, ಸುತ್ತಲಿನ ತಾಲೂಕುಗಳಿಗೆಲ್ಲ ಊದಿದವನು. ಈಗ ನಗುತ್ತಾ ಹೇಳುತ್ತೇನೆ. ಆಗ ನಗು ಬಂದಿರಲಿಲ್ಲ.

ಎರಡು ನಿಮಿಷ

ಗೌರಿಬಿದನೂರಿನ ಒಂದು ಛತ್ರದಲ್ಲಿ ಬೆಳಗಿನ ಮುಹೂರ್ತ. ಮಂತ್ರ ಇನ್ನೂ ಉದ್ದ ಇದೆ ಎಂದು ಅಂದಾಜು ಮಾಡಿ ತೋಡಿ ರಾಗ ಎತ್ತಿಕೊಂಡೆ. ಅಪ್ಪ ಕಲಿಸಿಕೊಟ್ಟ ರಾಗ. ಒಂದೇ ಒಂದು ಸಲ ಅದನ್ನು ಜನರ ಮುಂದೆ ಪೂರ್ತಿ ಊದಬೇಕು ಅನ್ನೋದು ನನ್ನ ಜೀವಮಾನದ ಆಸೆ. ನಿಧಾನಕ್ಕೆ ಬಿಚ್ಚುತ್ತಾ ಮೇಲಿನ ಷಡ್ಜಕ್ಕೆ ಬಂದಿದ್ದೆ, ಹುಡುಗಿಯ ಸೋದರಮಾವ ಬೆರಳೆತ್ತಿ ಅಲ್ಲಾಡಿಸಿದರು.

ಗಟ್ಟಿಮೇಳ. ತಾಳಿ ಕಟ್ಟುವ ಹೊತ್ತಿಗೆ ಯಾರದೋ ಸೀನು, ಯಾರದೋ ಅಪಶಕುನದ ಮಾತು ಕಿವಿಗೆ ಬೀಳಬಾರದು. ಅದಕ್ಕೆ ಬೆರಳು ಮೇಲೆ ಹೋದ ತಕ್ಷಣ ಊದುತ್ತಿರುವುದನ್ನು ಅಲ್ಲೇ ಬಿಟ್ಟು, ಡೋಲು ನಾಗಸ್ವರ ಎರಡೂ ಛತ್ರ ಹಾರಿಹೋಗುವಂತೆ ಬಾರಿಸಬೇಕು. ಬಾರಿಸಿದೆವು.

ಆಮೇಲೆ ಆ ಸೋದರಮಾವನನ್ನು ಕೇಳಿದೆ, "ಸ್ವಾಮಿ, ಎರಡು ನಿಮಿಷ ತಡೆದಿದ್ರೆ ರಾಗ ಮುಗೀತಿತ್ತು."

"ನಿನ್ನ ರಾಗಕ್ಕೆ ಮುಹೂರ್ತ ನಿಲ್ಲುತ್ತೇನಯ್ಯ? ಇರು, ಕೊನೇ ಪಂಕ್ತೀಲಿ ಊಟ ಮಾಡ್ಕೊಂಡ್ ಹೋಗು," ಅಂದರು.

ವಾಲಗದವರಿಗೆ ಯಾವಾಗಲೂ ಕೊನೇ ಪಂಕ್ತಿಯೇ. ಹಪ್ಪಳ ನಾವು ನೋಡಿದ್ದು ಬೇರೆಯವರ ಎಲೆಯಲ್ಲಿ. ಸಂಜೆ ಮನೆಗೆ ಹೋಗಿ, ಷಡ್ಜದಿಂದ ಮುಂದೆ ಚುಟುಕಾಗಿ ಮುಗಿಸೋದು ಹೇಗೆ ಹೇಳಿಕೊಡಪ್ಪ ಎಂದು ಕೇಳಿದೆ.

ಅಪ್ಪ ಬೀಡಿ ಆರಿಸಿ ಹೇಳಿದ, "ನಂಗೂ ಗೊತ್ತಿಲ್ಲ ಕಣೋ. ನಮ್ಮಪ್ಪನ್ನೂ ಅಲ್ಲೇ ನಿಲ್ಲಿಸ್ತಿದ್ರು."

ಮೊಣಕೈ

ಮದುವೆಗೆ ವಿಡಿಯೋ ಆಗಷ್ಟೇ ಬಂದಿತ್ತು. ಮಂಚೇನಹಳ್ಳಿಯ ಒಂದು ಮದುವೆಯಲ್ಲಿ ವಿಡಿಯೋದವನು ನಮ್ಮನ್ನು ನೋಡಿ, "ಅಣ್ಣಾ, ಕೊಂಚೆಂ ಜರಗಂಡಿ, ಅಡ್ಡ ಬರ್ತೀರ," ಅಂದ. ಜರುಗಿದೆವು. ಇನ್ನೂ ಜರಗಂಡಿ ಅಂದ. ಜರುಗಿ ಜರುಗಿ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಊದಿದೆವು.

ತಿಂಗಳ ಮೇಲೆ ಆ ಮನೆಯ ಯಜಮಾನರು ಹೇಳಿಕಳಿಸಿದರು. ಕ್ಯಾಸೆಟ್ ಬಂದಿದೆ, ನಿಮ್ಮ ವಾಲಗವೂ ಇರುತ್ತದೆ, ಹೆಂಡತಿಯನ್ನು ಕರಕೊಂಡು ಬನ್ನಿ ಎಂದು. ಒಳ್ಳೆಯ ಮನುಷ್ಯರು. ನನ್ನ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಳು. ಮೂರು ಗಂಟೆ ನೋಡಿದೆವು. ನಮ್ಮ ವಾಲಗ ಇರಬೇಕಾದ ಜಾಗದಲ್ಲೆಲ್ಲ ವಿಡಿಯೋದವನು ಸಿನಿಮಾ ಹಾಡು ಸೇರಿಸಿದ್ದ. ತಾಳಿ ಕಟ್ಟುವಾಗ ಮಾತ್ರ ಪರದೆಯ ಮೂಲೆಯಲ್ಲಿ ಒಂದು ಮೊಣಕೈ ಮೇಲೆ ಕೆಳಗೆ ಆಡಿತು.

"ನಿಮ್ಮದೇ ರೀ," ಅಂದಳು ಹೆಂಡತಿ. "ಅಂಗಿ ಹರಿದಿರೋದ್ರಲ್ಲಿ ಗೊತ್ತಾಯ್ತು."

ಕಲಾವಿದರು

ತೊಂಬತ್ತನೇ ಇಸವಿಯ ಈಚೆಗೆ ಚಿಕ್ಕಬಳ್ಳಾಪುರದಲ್ಲಿ ಊದುವವರ ಸಮಾವೇಶ ಎಂದು ಕರಪತ್ರ ಬಂತು. ಜಾತಿ, ಮತ, ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ, ನಾಗಸ್ವರ, ಶಹನಾಯಿ, ಮೌರಿ, ಬ್ಯಾಂಡಿನ ಕ್ಲಾರಿನೆಟ್ ಎಲ್ಲರೂ ಬರಬೇಕು ಎಂದಿತ್ತು. ನಡೆಸುತ್ತಿದ್ದವರು ರಿಟೈರಾದ ಒಬ್ಬ ಮೇಷ್ಟ್ರು. ನನ್ನ ತೋಡಿಯ ಕಥೆ ಯಾರಿಂದಲೋ ಕೇಳಿ ಅವರು ನನ್ನ ಮನೆಗೇ ಬಂದು, "ನೀವು ಹತ್ತು ನಿಮಿಷ ಮಾತಾಡಿ, ಆಮೇಲೆ ತೋಡಿ ಪೂರ್ತಿ ಊದಿ. ಯಾರೂ ನಿಲ್ಲಿಸಲ್ಲ," ಅಂದರು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ನನಗೆ ಅಳು ಬಂತು.

ಹೋದೆವು. ನಲವತ್ತು ಜನ ಕಲಾವಿದರು. ಸಮಿತಿಯ ಒಬ್ಬರು ಬಂದು, ಅತಿಥಿಗಳು ಬರುವ ಹೊತ್ತು, ಗೇಟಿನ ಹತ್ತಿರ ನಿಂತು ಊದಿ ಅಂದರು. ನಲವತ್ತೂ ಜನ ಬಿಸಿಲಲ್ಲಿ ನಿಂತು ಊದಿದೆವು. ಅತಿಥಿಗಳು ಒಳಗೆ ಹೋದರು, ಬಾಗಿಲು ಹಾಕಿದರು, ಭಾಷಣ ಶುರುವಾಯಿತು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ನಾವು ಊದುತ್ತಲೇ ಇದ್ದೆವು.

ಸಮಿತಿಯವರು ಓಡಿಬಂದರು. "ಏನ್ರೀ ಇದು ಗಲಾಟೆ? ಒಳಗೆ ಕಲಾವಿದರ ಬಗ್ಗೆ ಮಾತಾಡ್ತಾ ಇದ್ದಾರೆ."

ಚಿಂತಾಮಣಿಯ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಊದುವ ಸಾಹೇಬರು ನನ್ನ ಪಕ್ಕದಲ್ಲಿದ್ದರು. ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದರು, "ಅಚ್ಛಾ ಭಾಯ್, ಆ ಕಲಾವಿದರು ಯಾರಂತೆ?"

ಬೆರಳು

ಮೇಷ್ಟ್ರು ರೇಗಾಡಿ ನಮ್ಮನ್ನೆಲ್ಲ ಒಳಗೆ ಕೂರಿಸಿದರು. ನನ್ನ ಸರದಿ ಬಂತು. ಮೊದಲ ಸಲ ವೇದಿಕೆ, ಮೊದಲ ಸಲ ಮೈಕು. ನಾನು ಹೇಳಬೇಕೆಂದಿದ್ದನ್ನೆಲ್ಲ ಹೇಳಿಬಿಟ್ಟೆ. "ನಮ್ಮಪ್ಪ ತೋಡಿ ಮುಗಿಸದೇ ಸತ್ತ. ಒಂದು ಬೆರಳು ಮೇಲೆದ್ರೆ ನಮ್ಮ ವಿದ್ಯೆ ಎಲ್ಲ ಮಣ್ಣು. ಇವತ್ತು ಆ ಬೆರಳಿಗೆ ನಾನು ಹೆದರೋದಿಲ್ಲ," ಅಂದೆ. ಚಪ್ಪಾಳೆಯೋ ಚಪ್ಪಾಳೆ.

ತೋಡಿ ಎತ್ತಿದೆ. ಡೋಲಿಗೆ ನನ್ನ ಬಾಮೈದ. ಮೇಲಿನ ಷಡ್ಜಕ್ಕೆ ಬಂದೆ, ಅಲ್ಲೇ ನಿಂತೆ, ಯಾರೂ ನಿಲ್ಲಿಸಲಿಲ್ಲ. ಷಡ್ಜ ದಾಟಿ ಮುಂದಕ್ಕೆ ಕಾಲಿಟ್ಟೆ. ನಮ್ಮ ಮನೆತನದಲ್ಲಿ ಯಾರೂ ಕಾಣದ ಜಾಗ ಅದು. ಮುಂದಿನ ಸಾಲಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಕೆನ್ನೆ ಮೇಲೆ ನೀರು. ಆನಂದ ತಡೆಯಲಾರದೆ ಬಲಗೈ ಎತ್ತಿ, ತೋರುಬೆರಳನ್ನು ಮೇಲೆ ಅಲ್ಲಾಡಿಸಿದರು.

ಬಾಮೈದನ ಕೋಲು ಡೋಲಿನ ಮೇಲೆ ಬಿತ್ತು. ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ಸಭೆಯಲ್ಲಿದ್ದ ಉಳಿದ ಊದುವವರೆಲ್ಲ ತಮ್ಮ ತಮ್ಮ ವಾದ್ಯ ಬಾಯಿಗಿಟ್ಟರು, ಸಾಹೇಬರ ಕ್ಲಾರಿನೆಟ್ ಕೂಡ. ಅಂಥ ಗಟ್ಟಿಮೇಳ ಆ ತಾಲೂಕಿನ ಯಾವ ಮದುವೆಯಲ್ಲೂ ಆಗಿಲ್ಲ. ಮುಖ್ಯ ಅತಿಥಿಗಳು ಎದ್ದು ನಿಂತು, ಕೈಯಲ್ಲಿ ಅಕ್ಷತೆ ಇದೆಯೇ ಎಂದು ನೋಡಿಕೊಂಡರು.

ಗಟ್ಟಿಮೇಳ ಆದ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ? ಸಭೆಗೆ ಸಭೆಯೇ ಎದ್ದು ಊಟದ ಹಾಲಿನ ಕಡೆ ನುಗ್ಗಿತು. ಬಾಮೈದನೂ ಹೋದ. ಉಳಿದವರು ಮೇಷ್ಟ್ರು ಮತ್ತು ನಾನು.

"ಯಾಕಪ್ಪ ನಿಲ್ಲಿಸಿದ್ರಿ? ಇನ್ನೂ ಊದಿ ಅಂತ ನಾನು ಬೆರಳೆತ್ತಿದ್ದು," ಅಂದರು ಮೇಷ್ಟ್ರು. ಇನ್ನೂ ಊದು ಎಂದು ಬೆರಳೆತ್ತಿದ ಒಬ್ಬನೇ ಮನುಷ್ಯ, ಆ ಬೆರಳು ನನಗೆ ಗುರುತು ಸಿಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. "ಊದಿ, ನಾನೊಬ್ಬ ಇದೀನಲ್ಲ," ಅಂದರು.

ನಾಗಸ್ವರ ಬಾಯಿಗಿಟ್ಟೆ. ಅಷ್ಟರಲ್ಲಿ ಊಟದ ಹಾಲಿನಿಂದ ಕೂಗು ಬಂತು: "ಕಲಾವಿದರೆಲ್ಲ ಮೊದಲನೇ ಪಂಕ್ತಿಗೆ ಬನ್ನಿ, ಹಪ್ಪಳ ಬಡಿಸ್ತಾ ಇದೀವಿ."

ಮೊದಲನೇ ಪಂಕ್ತಿ. ನಮ್ಮಪ್ಪ, ಅವರಪ್ಪ ಯಾರೂ ಕೂರದ ಪಂಕ್ತಿ. ನಾನು ಮೇಷ್ಟ್ರ ಕಡೆ ತಿರುಗಿ, ಒಂದು ಬೆರಳೆತ್ತಿ, "ಒಂದೇ ನಿಮಿಷ ಸ್ವಾಮಿ, ಊಟ ಮಾಡ್ಕೊಂಡ್ ಬಂದ್ಬಿಡ್ತೀನಿ," ಅಂದೆ.