ಬಸ್ ಆ್ಯಪಿಗೆ ಜನರನ್ನು ಒಗ್ಗಿಸುವ ಪುಸ್ತಕಗಳು

ಪುಸ್ತಕ ಓದಿ ಪೆಚ್ಚಾಗುವುದು ಎಲ್ಲರಿಗೂ ಯಾವಾಗಲಾದರೂ ಆಗುತ್ತದೆ. ನನಗೆ ಪ್ರತಿ ಪುಸ್ತಕಕ್ಕೂ ಆಗುತ್ತದೆ. ದಾವಣಗೆರೆಯ ಸಣ್ಣ ಕಂಪನಿಯೊಂದರಲ್ಲಿ ನಾನು ಪ್ರಾಡಕ್ಟ್ ಮ್ಯಾನೇಜರ್. ಖಾಸಗಿ ಬಸ್ಸು ಈಗ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪ್ ನಮ್ಮದು. ಆ್ಯಪೇನೋ ಚೆನ್ನಾಗಿದೆ, ಯಾರೂ ತೆರೆಯುವುದಿಲ್ಲ ಅಷ್ಟೆ.

"ಯುಗಾದಿಯೊಳಗೆ ಜನಕ್ಕೆ ಅಭ್ಯಾಸ ಆಗ್ಬೇಕು. ಇಲ್ಲಾಂದ್ರೆ ಆ್ಯಪ್ ಮುಚ್ತೀನಿ, ನೀವು ಬೇರೆ ಕೆಲಸ ನೋಡ್ಕೊಳ್ರಿ" ಎಂದರು ನಮ್ಮ ಸಾಹೇಬರು. "ಅಭ್ಯಾಸ ಹಿಡಿಸೋದು ಹೆಂಗೆ ಅಂತ ಪುಸ್ತಕ ಬಂದಾವಂತೆ. ಒಳ್ಳೇದು ಆರಿಸ್ಕೊಂಡು ಓದ್ರಿ."

ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಓದಲೇಬೇಕಾಯಿತು.

ಚನ್ನಗಿರಿ

ಆ ಊರಿನ ಪುಸ್ತಕದಂಗಡಿಗೆ ಹೋಗಿ, "ಜನಕ್ಕೆ ಹೊಸದಾಗಿ ಚಟ ಹಿಡಿಸೋ ಪುಸ್ತಕ ಐತೇನ್ರೀ?" ಎಂದೆ.

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕುಡಿತ ಬಿಡಿಸೋದು ಐತೆ, ಸಿಗರೇಟು ಬಿಡಿಸೋದು ಐತೆ. ಹಿಡಿಸಾಕೆ ಯಾರಾದ್ರೂ ಪುಸ್ತಕ ಕೊಳ್ತಾರೇನ್ರೀ? ಅದಕ್ಕೆ ಗೆಳೆಯರಿದ್ರೆ ಸಾಕು."

ನನಗೆ ಅಂಥ ಗೆಳೆಯರೂ ಇಲ್ಲ. ಆನ್‌ಲೈನಿನಲ್ಲಿ ಇದ್ದುದರಲ್ಲೇ ದಪ್ಪನೆಯದನ್ನು ಆರಿಸಿ ತರಿಸಿಕೊಂಡೆ.

ಹೊನ್ನಾಳಿ

ಹೊಸ ಅಭ್ಯಾಸವನ್ನು ಹಳೆಯದರ ಬೆನ್ನಿಗೆ ಕಟ್ಟಬೇಕು ಎಂದಿತ್ತು ಆ ಪುಸ್ತಕ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಹಿರಿಯರನ್ನು ಹಿಡಿದು, ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟೆ. "ಅಜ್ಜಾರೇ, ದಿನಾ ಚಾ ಕುಡಿದ ಮ್ಯಾಲೆ ಇದನ್ನ ತೆಗೀರಿ, ನಿಮ್ಮ ಬಸ್ ಎಲ್ಲೈತೆ ಅಂತ ತೋರಿಸ್ತೈತೆ."

ಪಾಪ, ಕನ್ನಡಕ ಹಾಕಿಕೊಂಡು, ಬೆರಳು ಒರೆಸಿಕೊಂಡು ತೆಗೆದರು. ಬಸ್ಸು ಹೊನ್ನಾಳಿಯಲ್ಲೇ ಇದೆ ಎಂದು ಆ್ಯಪ್ ಸರಿಯಾಗೇ ತೋರಿಸಿತು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ನಿಂತಿದ್ದ ಅದೇ ಬಸ್ಸು ಹೊರಟುಹೋಯಿತು.

"ನೋಡಪ್ಪಾ," ಎಂದರು ಅಜ್ಜ, "ನೀನು ಸಿಗೋತನಕ ನಾನು ಒಂದು ಬಸ್ಸೂ ತಪ್ಪಿಸ್ಕೊಂಡಿರ್ಲಿಲ್ಲ."

ನ್ಯಾಮತಿ

ದಪ್ಪ ಪುಸ್ತಕದ ಸಹವಾಸ ಬಿಟ್ಟು ತೆಳ್ಳಗಿನದನ್ನು ಕೊಂಡೆ. ಬಳಸಿದವರಿಗೆ ಬಹುಮಾನ ಕೊಡಿ ಎಂದಿತು ಅದು. ಆ್ಯಪ್ ತೆರೆದ ಕೂಡಲೇ ಡೊಳ್ಳು ಬಾರಿಸಿ "ಭಲೇ!" ಅನ್ನುವಂತೆ ಮಾಡಿಸಿದೆ.

ನ್ಯಾಮತಿ ಹತ್ತಿರದ ಗೋವಿನಕೋವಿಯ ಒಬ್ಬ ಹೆಣ್ಣುಮಗಳು ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ತೆರೆಯತೊಡಗಿದರು. ನನ್ನ ಕಣ್ಣಲ್ಲಿ ನೀರೇ ಬಂತು. ಕೈ ಮುಗಿಯಲೆಂದು ಅವರ ಮನೆಗೇ ಹೋದೆ.

"ಅಕ್ಕಾರೇ, ದಿನಾ ಯಾವ ಬಸ್ಸಿಗೆ ಹೋಗ್ತೀರಿ?"

"ನಾನೆಲ್ಲಿ ಹೋಗ್ಲಪ್ಪಾ? ಆ ಡೊಳ್ಳು ಕೇಳಿದ್ರೇನೇ ನನ್ನ ಮೊಮ್ಮಗ ಬಾಯಿ ತೆರೀತಾನೆ. ಅನ್ನ ತಿನಿಸಾಕೆ ಬಾಳ ಅನುಕೂಲ ಆಗೈತೆ."

ಜಗಳೂರು

ಯುಗಾದಿ ಹತ್ತಿರ ಬಂತು. ಕಣ್ಣಾರೆ ನೋಡಿಯೇ ತೀರ್ಮಾನ ಮಾಡುತ್ತೇನೆಂದು ಸಾಹೇಬರು ನನ್ನನ್ನು ಜಗಳೂರಿಗೆ ಕರೆದುಕೊಂಡು ಹೋದರು. ಸ್ಟ್ಯಾಂಡಿನ ತುಂಬ ಜನ, ಎಲ್ಲರ ಕೈಯಲ್ಲೂ ಫೋನು. ನಮ್ಮ ಕಂಪನಿಯ ಹುಡುಗ ಮೊದಲೇ ಬಂದು ಅವಕ್ಕೆಲ್ಲ ಆ್ಯಪ್ ಹಾಕಿಕೊಟ್ಟೂ ಹೋಗಿದ್ದ. ಆದರೆ ಒಬ್ಬರೂ ಆ್ಯಪ್ ತೆರೆಯಲಿಲ್ಲ. ಎಲ್ಲರೂ ಮೂಲೆಯ ಚಹಾದಂಗಡಿಗೆ ಹೋಗಿ, "ಚಾಚಾ, ನಮ್ಮ ಬಸ್ ಹೋತಾ?" ಅನ್ನುವುದು, ಚಾಚಾ ಗಲ್ಲಾದ ಕೆಳಗೆ ಬಗ್ಗಿ ಎದ್ದು, "ಇನ್ನಾ ಊರ ಹೊರಗೈತೆ, ಚಾ ಕುಡೀರಿ" ಅನ್ನುವುದು. ಬಸ್ಸು ಅವರು ಹೇಳಿದಂತೆಯೇ ಬರುತ್ತಿತ್ತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ನಾವೂ ಅಲ್ಲೇ ಚಹಾಕ್ಕೆ ಕುಳಿತೆವು. "ಅದ್ಹೆಂಗೆ ಚಾಚಾ ಇಷ್ಟು ಕರೆಕ್ಟಾಗಿ ಹೇಳ್ತೀರಿ?" ಎಂದು ಸಾಹೇಬರು ಕೇಳಿದರು.

ಚಾಚಾ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನೀವು ಹೊರಗಿನೋರು, ಹೇಳ್ತೀನಿ. ಒಂದು ಆ್ಯಪ್ ಐತೆ ಸಾಬ್, ಬಾಳ ಚಲೋ ಐತೆ." ಗಲ್ಲಾದ ಕೆಳಗಿನಿಂದ ಫೋನ್ ತೆಗೆದು ತೋರಿಸಿದರು. ನಮ್ಮದೇ ಆ್ಯಪು!

ನನಗೆ ಹೋದ ಜೀವ ಬಂದಂತಾಯಿತು. "ಮತ್ತೆ ಎಲ್ಲರಿಗೂ ಹೇಳ್ರಲ್ಲ ಚಾಚಾ!" ಎಂದೆ.

"ಹೇಳಿದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ? ಯಾವನೋ ಪುಣ್ಯಾತ್ಮ ಬಂದು ಎಲ್ಲರ ಫೋನಿಗೂ ಹಾಕ್ಕೊಟ್ಟು ಹೋಗ್ತಾನೆ. ಚಾರ್ಜು ತಿಂತೈತೆ ಅಂತ ಹೇಳಿ ನಾನೇ ಒಬ್ಬೊಬ್ಬರದೂ ತೆಗೆದು ಕೊಡ್ತೀನಿ. ನಿಮ್ಮ ಫೋನಾಗೂ ಐತೇನು? ಕೊಡ್ರಿ, ತೆಗೀತೀನಿ."

ಸಾಹೇಬರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಫೋನನ್ನು ಚಾಚಾನ ಕೈಗೆ ಕೊಟ್ಟರು.