ವಡೆ ಕಟ್ಟಿದ ಹಾಳೆಯ ಪಂಡಿತರು

ನನ್ನ ಸೋದರಮಾವನಿಗೆ ಇಂಗ್ಲಿಷಿನಲ್ಲಿ ನೀರು ಕೇಳಲು ಬರುವುದಿಲ್ಲ, ದಾರಿ ಕೇಳಲೂ ಬರುವುದಿಲ್ಲ. ಆದರೆ ‘ತಿಳಿಯುವುದು’ ಎಂಬ ಒಂದೇ ಕೆಲಸಕ್ಕೆ ಆ ಭಾಷೆಯಲ್ಲಿರುವ ಪದಗಳು ಮಾತ್ರ ಸಾಲಾಗಿ ಬರುತ್ತವೆ. ಚಾಮರಾಜನಗರ ಜಿಲ್ಲೆಯಲ್ಲಿ ಇಂಥ ಪಂಡಿತರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ.

ಕಾರಣ ಸರಳ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮಾವ ಒಮ್ಮೆ ವಡೆ ಕೊಂಡರು. ಕಟ್ಟಿಕೊಟ್ಟ ಹಾಳೆ ಯಾವುದೋ ಇಂಗ್ಲಿಷ್ ಕಲಿಸುವ ಪುಸ್ತಕದ್ದು. ಗೊತ್ತಿರುವುದಕ್ಕೆ ನೋ, ಆಮೇಲೆ ಲರ್ನ್, ಗೆಸ್, ಡೌಟ್, ಅಂಡರ್‌ಸ್ಟ್ಯಾಂಡ್, ರಿಯಲೈಸ್, ನಾಲೆಡ್ಜ್. ಪಕ್ಕದಲ್ಲೇ ಕನ್ನಡದಲ್ಲಿ ಉಚ್ಚಾರ, ಅರ್ಥ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅರಿಶಿನ ಬೆಳೆಯಲು ನಿಂತವರು, ಹರದನಹಳ್ಳಿಯ ಮನೆ ಸೇರುವಷ್ಟರಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿದ್ದರು. ಎಣ್ಣೆ ಕುಡಿದಿದ್ದ ಕೊನೆಯ ಎರಡು ಸಾಲಿನಲ್ಲಿ ಏನಿತ್ತೋ, ವಡೆಗೇ ಗೊತ್ತು.

ಅಂದಿನಿಂದ ಕಂಡವರ ತಿಳಿವಳಿಕೆ ಅಳೆಯುವ ಕೆಲಸ ಅವರದಾಯಿತು. ಯಾರೂ ವಹಿಸಿರಲಿಲ್ಲ. ಹಸು ಮೇವು ಬಿಟ್ಟಾಗ ಪಶುವೈದ್ಯರು ಬಂದು, ಹೊಟ್ಟೆ ಮುಟ್ಟಿ, ಅಜೀರ್ಣ ಎಂದರು. ಮಾವ ಕೈಕಟ್ಟಿ ನಿಂತು ವಿನಯದಿಂದಲೇ ಕೇಳಿದರು: “ಡಾಕ್ಟ್ರೇ, ಇದು ನಾಲೆಡ್ಜಾ, ಗೆಸ್ಸಾ?”

ಡಾಕ್ಟರು ಸ್ವಲ್ಪ ಹೊತ್ತು ಹಸುವಿನ ಮುಖ ನೋಡಿ, “ಸದ್ಯಕ್ಕೆ ಗೆಸ್ಸು” ಎಂದರು. ಇಷ್ಟು ಪ್ರಾಮಾಣಿಕರನ್ನು ಕಂಡೇ ಇಲ್ಲವೆಂದು ಮಾವ ಅವರಿಗೊಂದು ಬಾಳೆಗೊನೆ ಕೊಟ್ಟು ಕಳಿಸಿದರು.

ಪುಣಜನೂರಿನ ನೆಂಟರ ಜೋಳದ ಹೊಲಕ್ಕೆ ಆನೆ ನುಗ್ಗಿದಾಗಲೂ ಅಷ್ಟೇ. ಆನೆ ಬಂದಿದೆ ಅನ್ನುವುದು ‘ನೋ’, ಯಾಕೆ ಬಂತು ಅನ್ನುವುದು ‘ಅಂಡರ್‌ಸ್ಟ್ಯಾಂಡ್’ ಎಂದು ಬದುವಿನ ಮೇಲೆ ನಿಂತು ವಿವರಿಸುತ್ತಿದ್ದರು. ಆನೆ ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡಿದರಲ್ಲ, ಅದು ‘ರಿಯಲೈಸ್’. ಆಮೇಲೆ ಮಾವ ಓಡಿದ ವೇಗಕ್ಕೆ ಮಾತ್ರ ಆ ಹಾಳೆಯಲ್ಲಿ ಪದವಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಓಡಿಹೋಗಿ ಹೇಳಿದರೆ ಮಾವ ಏನಂದರು ಗೊತ್ತೇ? “ಪಾಸು ಅನ್ನಾದು ನನ್ ಹಾಳೇಲಿಲ್ಲ ಕಣಮ್ಮಿ.”

ಅದೇ ತಿಂಗಳು ಭೀಮನಬೀಡಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಪ್ಪ ‘ಹೂಂ’ ಅನ್ನುವುದೊಂದೇ ಬಾಕಿ. ಡಿಗ್ರಿ ಕಾಲೇಜಿಗೆ ಅರ್ಜಿ ಕೊಡಲು ಮರುದಿನವೇ ಕೊನೆಯ ದಿನ. ತುಂಬಿದ ಅರ್ಜಿ ನನ್ನ ಬಟ್ಟೆಗಳ ಅಡಿಯಲ್ಲಿತ್ತು. ಹೆಣ್ಣುಮಕ್ಕಳು ಇಷ್ಟು ತಿಳಿದುಕೊಂಡರೆ ಸಾಕಲ್ಲವೇ ಎಂದರು ಗಂಡಿನ ದೊಡ್ಡಪ್ಪ. ಮಾವ ಈಗ ಇವರನ್ನೂ ಪರೀಕ್ಷೆಗೆ ಕೂರಿಸುತ್ತಾರೆಂದು ಅಮ್ಮ ಅಡುಗೆಮನೆಗೆ ನಡೆದಳು.

ಮಾವ ಅವರನ್ನು ಏನೂ ಕೇಳಲಿಲ್ಲ. ಅಪ್ಪನ ಕಡೆ ತಿರುಗಿದರು. “ಬಾವ, ನಂಗೆ ಸಿಕ್ಕಿದ್ದು ಒಂದ್ ಹಾಳೆ. ಅದೂ ವಡೆ ತಿಂದ್ಮೇಲೆ. ಇವ್ಳು ಪುಸ್ತಕ ಓದ್ಲಿ ಬುಡು.”

ಅಪ್ಪ ‘ಹೂಂ’ ಅನ್ನಲಿಲ್ಲ. ಬಂದವರು ಉಪ್ಪಿಟ್ಟು ಚೆನ್ನಾಗಿತ್ತು ಎಂದು ಹೇಳಿ ಹೊರಟರು.

ಕಾಲೇಜಿನ ಮೊದಲ ದಿನ ಮಾವನೇ ಸ್ಕೂಟರಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದರು. ಚಪ್ಪಲಿಗೆ ಹೊಲದ ಮಣ್ಣು ಮೆತ್ತಿದೆಯೆಂದು ಗೇಟಿನೊಳಗೆ ಬರಲಿಲ್ಲ. ಸಂಜೆ ಹೊರಗೆ ಬಂದರೆ ಅಲ್ಲೇ ನಿಂತಿದ್ದರು. ಏನು ಹೇಳಿಕೊಟ್ಟರು ಎಂದರು. ಅರ್ಥಶಾಸ್ತ್ರ ಎಂದೆ. ಹಾಗೆಂದರೆ ಏನೆಂದು ನಿಮಗೆ ಗೊತ್ತಿರಬೇಕಲ್ಲ ಎಂದು ಚುಡಾಯಿಸಿದೆ.

ಮಾವ ಸೀಟಿನ ಧೂಳು ಒರೆಸುತ್ತ, “ಗೊತ್ತಿಲ್ಲ ಕಣಮ್ಮಿ. ನೀ ಹೇಳು, ಕೇಳ್ತೀನಿ” ಎಂದರು.

ಊರು ಬರುವವರೆಗೂ ಹೇಳುತ್ತಲೇ ಇದ್ದೆ. ಅವತ್ತು ಮಾವ ಸ್ಕೂಟರನ್ನು ಬಹಳ ನಿಧಾನವಾಗಿ ಓಡಿಸಿದರು.